ಕೆರೆ ತುಂಬಿ ತುಳುಕಿದರೆ ಹಕ್ಕಿಗೆ ಊಟವಿಲ್ಲ

ರಂಗನತಿಟ್ಟಿನಲ್ಲಿ ದೋಣಿ ಹತ್ತಿದ ಮೈಸೂರಿನವರು ಹಾಂಗ್‌ಕಾಂಗಿಗೆ ಬಂದರೆ ಡಿಸ್ನಿಲ್ಯಾಂಡ್ ಆಮೇಲಾಗಲಿ, ಮೊದಲು ಮಾಯ್ ಪೋ ಎಂಬ ಜೌಗು ಪ್ರದೇಶದ ಪಕ್ಷಿಧಾಮಕ್ಕೆ ಹೋಗಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳಿರುತ್ತವೆ. ಒಳಹೋಗಲು ಅನುಮತಿ ಬೇಕು. ಸಿಗದಿದ್ದರೆ ಹತ್ತಿರದ ಟಿನ್ ಶುಯಿ ವಾಯ್‌ನಲ್ಲಿ 2006ರಲ್ಲಿ ತೆರೆದ, 61 ಹೆಕ್ಟೇರಿನ ವೆಟ್‌ಲ್ಯಾಂಡ್ ಪಾರ್ಕ್ ಇದೆ.

ಮಾಯ್ ಪೋದಲ್ಲಿ ಮಂಡ್ಯದವರು ಹಕ್ಕಿಗಿಂತ ಮೊದಲು ನೋಡಬೇಕಾದ್ದು ತೂಬು. ಇಲ್ಲಿನ ಕೊಳಗಳನ್ನು 1940ರ ದಶಕದಲ್ಲಿ ಸಿಗಡಿಗೆಂದು ಕಟ್ಟಿದ್ದು. ಗೇ ವಾಯ್ ಎನ್ನುತ್ತಾರೆ, ಒಂದೊಂದೂ ಸುಮಾರು 10 ಹೆಕ್ಟೇರು. ಸಮುದ್ರದ ಕಡೆಗೆ ತೂಬು, ಅದಕ್ಕೆ ಒಂದರ ಮೇಲೊಂದು ಮರದ ಹಲಗೆ. ಉಬ್ಬರದಲ್ಲಿ ಹಲಗೆ ಎತ್ತಿದರೆ ನೀರಿನ ಜೊತೆ ಸಿಗಡಿ ಮರಿಗಳೂ ಬರುತ್ತವೆ. ಉದುರಿ ಕೊಳೆತ ಕಾಂಡ್ಲಾ (ಮ್ಯಾಂಗ್ರೋವ್) ಎಲೆಯೇ ಅವಕ್ಕೆ ಮೇವು, ಹೊರಗಿಂದ ಏನೂ ಹಾಕುವುದಿಲ್ಲ. ಚಳಿಗಾಲದಲ್ಲಿ ಕೊಳ ಬಸಿದಾಗ ಕೆಸರಲ್ಲುಳಿದ ಪುಡಿ ಮೀನಿಗೆ ಬೆಳ್ಳಕ್ಕಿಗಳೂ ಕಪ್ಪು ಮುಖದ ಚಮಚಕೊಕ್ಕುಗಳೂ ಮುಗಿಬೀಳುತ್ತವೆ. ಎಲ್ಲ ಕೊಳವನ್ನೂ ಒಟ್ಟಿಗೆ ಬಸಿದರೆ ನಾಲ್ಕು ದಿನ ಹಬ್ಬ, ಆಮೇಲೆ ಉಪವಾಸ. ಅದಕ್ಕೇ ಒಂದಾದ ಮೇಲೊಂದು ಬಸಿಯುತ್ತಾರೆ.

ಚಮಚಕೊಕ್ಕು ಬಾಯಿ ಅರ್ಧ ತೆರೆದು, ಕೊಕ್ಕನ್ನು ನೀರಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ. ಮೀನು ತಗುಲಿದ ಕೂಡಲೇ ಗಬಕ್ಕನೆ ಮುಚ್ಚುತ್ತದೆ. ನೀರು ತೀರಾ ಆಳವಿದ್ದರೆ ಈ ಆಟ ನಡೆಯದು. ರಂಗನತಿಟ್ಟಿನದಕ್ಕೆ ಮುಖ ಬಿಳಿ, ಇದಕ್ಕೆ ಕೊಕ್ಕಿನ ಬುಡದಿಂದ ಕಣ್ಣಿನತನಕ ಕರಿ ಚರ್ಮ.

ಕೆಸರುಬಯಲಲ್ಲಿ ಹುಟ್ಟುವ ಕಾಂಡ್ಲಾ ಸಸಿಗಳನ್ನು ಇಲ್ಲಿ ಕಿತ್ತು ಹಾಕುತ್ತಾರೆ. ಗಿಡ ಕೀಳುವುದು ಸಂರಕ್ಷಣೆಯೇ ಎನ್ನಬೇಡಿ: ಮರೆಯಿದ್ದ ಕಡೆ ಶತ್ರು ಅಡಗಬಹುದೆಂದು, ಕೆಸರಲ್ಲಿ ನಡೆದು ಮೇಯುವ ಗೊರವ ಹಕ್ಕಿಗಳು ಇಳಿಯುವುದಿಲ್ಲ.

ನಮ್ಮೂರಿನ ಕಥೆ ಬೇರೆ. ಕೆರೆ ಅಭಿವೃದ್ಧಿ ಎಂದರೆ ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿ, ವರ್ಷವಿಡೀ ದಡದವರೆಗೆ ನೀರು ನಿಲ್ಲಿಸುವುದು. ಈಜುವ ಹೆಜ್ಜಾರ್ಲೆ, ನೀರುಕಾಗೆಗೆ ತೊಂದರೆಯಿಲ್ಲ; ಗದ್ದೆಗೊರವ ಕಾಲೂರುವುದೆಲ್ಲಿ? ಅದು ನಾಟಿಗೆ ಹದ ಮಾಡಿದ ಗದ್ದೆಯನ್ನೇ ನಂಬಬೇಕು. ರಂಗನತಿಟ್ಟಿನದು ಇನ್ನೊಂದು ತಾಪತ್ರಯ: ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ತಿಟ್ಟುಗಳೇ ಮುಳುಗುತ್ತವೆ.

ಕೆರೆಯ ಒಂದು ಮೂಲೆಯಲ್ಲಾದರೂ ಕಲ್ಲು ಕಟ್ಟದೆ ಮಣ್ಣಿನ ಇಳಿಜಾರು ಬಿಡಿ. ಡಿಸೆಂಬರ್‌ನಿಂದ ತೂಬು ಸ್ವಲ್ಪಸ್ವಲ್ಪವೇ ಎತ್ತಿದರೆ ಹೊಸ ಕೆಸರು ತೆರೆದುಕೊಳ್ಳುತ್ತಾ ಹೋಗುತ್ತದೆ. ಚರಂಡಿ ಸೇರುವ ಕೆರೆಯಲ್ಲಿ ಮಾತ್ರ ಬೇಡ. ನೀರು ಇಳಿದಷ್ಟೂ ಕೊಳಚೆ ಗಟ್ಟಿಯಾಗಿ, ಆಮ್ಲಜನಕ ಸಾಲದೆ ಮೀನು ಸಾಯುತ್ತವೆ. ವೆಟ್‌ಲ್ಯಾಂಡ್ ಪಾರ್ಕಿನವರು ಊರಿನ ಮಳೆನೀರನ್ನೂ ಜೊಂಡಿನ ಮಡಿಯಲ್ಲಿ ಸೋಸಿಯೇ ಒಳಗೆ ಬಿಡುತ್ತಾರೆ.