ಹನ್ನೊಂದರಿಂದ ಎರಡೂವರೆಯವರೆಗೆ

"ನನಗೆ ಏನೂ ಬೇಡ ಮಾಮ, ಒಂದು ಗಂಟೆ ಮಲಗಬೇಕು." ಕಾರಿನ ಬಾಗಿಲು ಪೂರ್ತಿ ಹಾಕಿಕೊಳ್ಳುವ ಮೊದಲೇ ನನ್ನ ತಂಗಿಯ ಮಗನಾದ ಅಳಿಯ ಹೇಳಿದ ಈ ಮಾತು ಬುಧವಾರದಿಂದ ನನ್ನನ್ನು ಬಿಟ್ಟಿಲ್ಲ. ನಮ್ಮ ಮನೆಮಾತು ತುಳುವಾದ್ದರಿಂದ ಅವನು ಹೇಳಿದ್ದೂ ತುಳುವಿನಲ್ಲಿಯೇ. ಅಲ್ಲಿ ಅದು ಇನ್ನೂ ಚಿಕ್ಕ ಮಾತು, ನಾಲ್ಕೈದು ಪದಗಳಲ್ಲಿ ಮುಗಿದುಹೋಗುವಂಥದ್ದು. ಆ ಚಿಕ್ಕ ಮಾತಿಗೆ ನಾನು ಕೊಟ್ಟ ಉತ್ತರ ಇದು: "ಮಲಗುವುದೆಲ್ಲ ಆಮೇಲೆ ಮಾರಾಯ, ಮೊದಲು ನಂದನೇಶ್ವರನಿಗೆ ಒಂದು ಕೈಮುಗಿದು ಹೋಗುವ." ಅವನು ಏನೂ ಹೇಳಲಿಲ್ಲ. ನಾನು ದೇವಸ್ಥಾನದ ಕಡೆಗೆ ಕಾರು ತಿರುಗಿಸಲು ಹೋಗಿ ಪಕ್ಕಕ್ಕೆ ನೋಡಿದರೆ, ತಲೆ ಕಿಟಕಿಗೆ ಆನಿಸಿಕೊಂಡು ಕಣ್ಣು ಮುಚ್ಚಿಯಾಗಿತ್ತು. ನಾನು ನೇರ ಹೆದ್ದಾರಿ ಹಿಡಿದೆ.

ಅವನು ವಿಹಾರ ನೌಕೆಯೊಂದರ ಊಟದ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಎಂಟು ತಿಂಗಳ ಕರಾರು, ದಿನಕ್ಕೆ ಹತ್ತು ಗಂಟೆ ದುಡಿಮೆ, ವಾರದಲ್ಲಿ ಏಳು ದಿನ. ಭಾನುವಾರವೆಂಬುದು ಅವರ ಪಾಲಿಗೆ ಪ್ರಯಾಣಿಕರು ತುಸು ತಡವಾಗಿ ತಿಂಡಿಗೆ ಬರುವ ದಿನ, ಅಷ್ಟೇ. ಈ ಸಲದ ಯಾನದಲ್ಲಿ ಹಡಗು ಗೋವಾ ಮುಗಿಸಿ ಕೊಚ್ಚಿಗೆ ಹೋಗುವ ದಾರಿಯಲ್ಲಿ ನಮ್ಮ ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತದೆಂದು ಅವನು ಒಂದು ತಿಂಗಳ ಹಿಂದೆಯೇ ತಿಳಿಸಿದ್ದ. ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಐದಕ್ಕೆ ಹೊರಡುವ ಹಡಗು. ಪ್ರಯಾಣಿಕರಿಗೆ ಒಂಬತ್ತು ಗಂಟೆಯ ಊರು. ಅವನಿಗೆ ಮಾತ್ರ ಬೆಳಗಿನ ತಿಂಡಿಯ ಪಾಳಿ ಮುಗಿದ ಮೇಲೆ, ಹನ್ನೊಂದರಿಂದ ಎರಡೂವರೆಯವರೆಗೆ. ಅದೂ ಪುಕ್ಕಟೆ ಸಿಕ್ಕಿದ್ದಲ್ಲ. ಹಡಗು ದಡದಲ್ಲಿ ನಿಂತಿರುವಾಗಲೂ ತುರ್ತು ಸಂದರ್ಭಕ್ಕೆಂದು ಸಿಬ್ಬಂದಿಯ ಒಂದು ಪಾಲು ಒಳಗೇ ಇರಬೇಕು, ಅದಕ್ಕೆ ಸರದಿಯ ಪಟ್ಟಿ ಇರುತ್ತದೆ, ಮತ್ತು ಮಂಗಳೂರಿನ ದಿನ ಸರದಿ ಬಿದ್ದದ್ದು ಇವನಿಗೇ. ಇಂಡೋನೇಷ್ಯಾದ ಸಹೋದ್ಯೋಗಿಯೊಬ್ಬನನ್ನು ಒಪ್ಪಿಸಿ, ಬದಲಿಗೆ ಕೊಚ್ಚಿಯಲ್ಲಿ ತಾನು ಒಳಗಿರುತ್ತೇನೆಂದು ಮಾತು ಕೊಟ್ಟು, ಅವನು ತನ್ನ ಊರನ್ನು ಮೂರೂವರೆ ಗಂಟೆಗೆ ಕೊಂಡುಕೊಂಡಿದ್ದ.

ಈ ಮೂರೂವರೆ ಗಂಟೆಯನ್ನು ಹೇಗೆ ಸದುಪಯೋಗ ಮಾಡಿಕೊಳ್ಳಬೇಕೆಂಬ ವಿಚಾರದಲ್ಲಿ ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಯೋಜನೆಗಳಿದ್ದವು. ಭಾವನಂತೂ ಒಂದು ಕಾಗದದ ಮೇಲೆ ಬರೆದೇ ಇಟ್ಟಿದ್ದರು. ಭಾವ ಒಳ್ಳೆಯ ಮನುಷ್ಯ, ಆದರೆ ಇಡೀ ಜೀವಮಾನ ಗೋದಾಮಿನ ಲೆಕ್ಕ ಬರೆದವರಾದ್ದರಿಂದ ಮಗನನ್ನೂ ಒಳಬಂದ ಮಾಲು, ಹೊರಹೋದ ಮಾಲು ಎಂಬ ಎರಡು ಅಂಕಣಗಳ ನಡುವೆಯೇ ನೋಡುತ್ತಾರೆ ಎಂದು ನನಗೆ ಮೊದಲಿನಿಂದಲೂ ಅನುಮಾನ. ಹನ್ನೆರಡಕ್ಕೆ ಮನೆ, ಹನ್ನೆರಡೂಕಾಲಿಗೆ ಊಟ, ಹನ್ನೆರಡೂವರೆಗೆ ಕಾಟಿಪಳ್ಳದ ಹುಡುಗಿಯ ಕಡೆಯವರು ಬಂದು ಹುಡುಗನನ್ನು ನೋಡಿಹೋಗುವುದು, ಒಂದಕ್ಕೆ ಬ್ಯಾಂಕಿನ ಕಾಗದಗಳಿಗೆ ಸಹಿ. ಕೊನೆಯ ಸಾಲಿನಲ್ಲಿ "ಮಾತುಕತೆ, 15 ನಿಮಿಷ" ಎಂದಿತ್ತು. ತಂಗಿ ಆ ಕಾಗದವನ್ನು ಓದಿ ಏನೂ ಅನ್ನದೆ ಮಸಾಲೆ ಡಬ್ಬಿಯ ಅಡಿಯಲ್ಲಿಟ್ಟಳು.

ತಂಗಿಯ ಯೋಜನೆ ಅಡುಗೆಮನೆಯಲ್ಲಿತ್ತು. ನಸುಕಿನ ಮೂರು ಗಂಟೆಗೆ ಎದ್ದು ಕೋಳಿ ಸಾರು, ಬಂಗುಡೆ ಪುಳಿಮುಂಚಿ, ಬಸಳೆಗೆ ಸಿಗಡಿ ಹಾಕಿದ ಪಲ್ಯ, ಮೂಡೆ, ಅದು ಸಾಲದೆಂದು ನೀರುದೋಸೆಯ ಹಿಟ್ಟು. ಹಡಗಿನಲ್ಲಿ ದಿನವೂ ಸಾವಿರಾರು ತಟ್ಟೆ ಎತ್ತುವವನಿಗೆ ಊಟದ ಮೇಲೆ ಎಷ್ಟು ಆಸೆ ಉಳಿದಿರಬಹುದು ಎಂಬ ಪ್ರಶ್ನೆಯನ್ನು ಅವಳೆದುರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಹತ್ತೂವರೆಗೇ ನಾನು ಬಂದರಿನ ದ್ವಾರದ ಎದುರು ಹೋಗಿ ನಿಂತಿದ್ದೆ. ಒಳಗೆ ಹೋಗಲು ನಮಗೆ ಅನುಮತಿಯಿಲ್ಲ. ಎಳನೀರಿನವನ ಪಕ್ಕದ ಮರದಡಿ ನಿಂತು ನೋಡುತ್ತಿರಬೇಕು, ಅಷ್ಟೇ. ಬಾಡಿಗೆ ಕಾರಿನವರ ಸಾಲಿನಲ್ಲಿದ್ದ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಪ್ರವಾಸಿಗರ ದಿನಚರಿಯನ್ನು ಅವನು ಮಗ್ಗಿಯಂತೆ ಒಪ್ಪಿಸಿದ: ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಬರುವಾಗ ಗೇರುಬೀಜದ ಕಾರ್ಖಾನೆ, ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಸಮಯ ಮಿಕ್ಕರೆ ಮಾರುಕಟ್ಟೆ. "ಚಾಪೆಲಿಗೆ ಇಪ್ಪತ್ತು ನಿಮಿಷ ಕೊಡ್ತೇವೆ ಸರ್, ಸಾಕು" ಎಂದ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಟ್ಟಣಿಗೆಯ ಮೇಲೆ ಕುತ್ತಿಗೆ ಎತ್ತಿ ಎತ್ತಿ ಆ ಗೋಡೆ ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದಕ್ಕೆ ಇಪ್ಪತ್ತು ನಿಮಿಷ. 1430ರಷ್ಟು ಹಿಂದೆ ಕಟ್ಟಿದ, ಒಂದು ಕಂಬದ ಕೆತ್ತನೆ ಇನ್ನೊಂದರಂತಿಲ್ಲ ಎನ್ನುವ ಬಸದಿಗೆ ಮುಕ್ಕಾಲು ಗಂಟೆ. ನನಗೆ ನಗು ಬಂತು. ಆದರೆ ನಗುವ ಹಕ್ಕು ನನಗಿರಲಿಲ್ಲ, ಏಕೆಂದರೆ ಅಳಿಯನಿಗೆಂದು ನಾನೂ ಮನಸ್ಸಿನಲ್ಲೇ ಅಂಥದೊಂದು ಪಟ್ಟಿ ಹಾಕಿಕೊಂಡು ಬಂದವನು. ನಂದನೇಶ್ವರನಿಗೆ ಐದು ನಿಮಿಷ, ಕಡಲತೀರಕ್ಕೆ ಐದು ನಿಮಿಷ, ಅವನು ಓದಿದ ಶಾಲೆಯ ಮುಂದೆ ಕಾರು ನಿಧಾನ ಮಾಡುವುದು.

ಹನ್ನೊಂದಕ್ಕೆ ಬರುವವನು ಬಂದದ್ದು ಹನ್ನೊಂದೂ ಮೂವತ್ತೈದಕ್ಕೆ. ಕೊರಳಲ್ಲಿ ಗುರುತಿನ ಚೀಟಿ, ಕಾಲಲ್ಲಿ ಪಾಳಿಯ ಕಪ್ಪು ಬೂಟು, ಕೈಯಲ್ಲಿ ಚಾಕಲೇಟಿನ ಚೀಲ. ಬಣ್ಣ ತಿಳಿಯಾಗಿತ್ತು. ಕಡಲಿನಲ್ಲಿ ಇರುವವರು ಬಿಸಿಲಿಗೆ ಕಪ್ಪಾಗುತ್ತಾರೆಂದು ನಾವು ತಿಳಿದಿರುವುದು ಮೀನುಗಾರರನ್ನು ನೋಡಿ. ಇವನು ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗಿನ, ಕಿಟಕಿಯಿಲ್ಲದ, ಒಂದರ ಮೇಲೊಂದು ಹಾಸಿಗೆಯಿರುವ ಕೋಣೆಯಲ್ಲಿ. ಐದು ತಿಂಗಳಿನಿಂದ ಎದ್ದಾಗ ಹಗಲೋ ರಾತ್ರಿಯೋ ಎಂದು ಮೊಬೈಲ್ ನೋಡಿಯೇ ತಿಳಿಯಬೇಕು ಎಂದು ಹಿಂದೊಮ್ಮೆ ಫೋನಿನಲ್ಲಿ ನಗುತ್ತಾ ಹೇಳಿದ್ದ. ಆಗ ನಾನೂ ನಕ್ಕಿದ್ದೆ.

ಕೃಷ್ಣಾಪುರದ ಮನೆ ತಲುಪಿದಾಗ ಹನ್ನೆರಡು. ತಾಯಿಯನ್ನು ತಬ್ಬಿಕೊಂಡ, ಅಜ್ಜಿಯ ಕಾಲು ಮುಟ್ಟಿದ, ತಂದೆಯ ಕಡೆಗೆ ತಲೆಯಾಡಿಸಿದ, ಅದೇ ಮಾತನ್ನು ತಾಯಿಗೂ ಹೇಳಿದ: "ಏನೂ ಬೇಡ ಅಮ್ಮ, ಒಂದು ಗಂಟೆ ಮಲಗ್ತೇನೆ." ಒಳಗಿನ ಕೋಣೆಗೆ ಹೋಗಿ ಬೂಟು ಬಿಚ್ಚಿದ. ನಾನು ಬಾಗಿಲಲ್ಲಿ ನಿಂತಿರುವಂತೆಯೇ ನಿದ್ದೆ ಹೋದ.

ಆ ನೋಟವನ್ನು ನಾನು ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಅದು ಅವನ ಅಜ್ಜನ ಕಾಲದ ಹಲಸಿನ ಮರದ ಮಂಚ, ಇಬ್ಬರು ಧಾರಾಳವಾಗಿ ಮಲಗಬಹುದಾದಷ್ಟು ಅಗಲ. ಅವನು ಅದರ ಗೋಡೆಯ ಬದಿಯ ಒಂದೂವರೆ ಅಡಿಯಲ್ಲಿ, ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಕೈಗಳೆರಡನ್ನೂ ಎದೆಯ ಮೇಲೆ ಮಡಚಿಕೊಂಡು ಮಲಗಿದ್ದ. ಉಳಿದ ಮಂಚವೆಲ್ಲ ಖಾಲಿ. ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದಿರಲಿಲ್ಲ. ಅದರಲ್ಲಿದ್ದ ಅವನ ಭಾವಚಿತ್ರ ಮೇಲ್ಮುಖವಾಗಿ ಛಾವಣಿಯ ಫ್ಯಾನನ್ನು ನೋಡಿ ನಗುತ್ತಿತ್ತು. ಕಾಲುಚೀಲದ ಗುರುತು ಮೀನಖಂಡದ ಸುತ್ತ ಬಳೆಯಂತೆ ಆಳವಾಗಿ ಕುಳಿತಿತ್ತು. ತಂಗಿ ಬಂದು ಒಂದು ದಿಂಬನ್ನು ಮಂಚದ ಖಾಲಿ ಬದಿಗೆ ಇಟ್ಟಳು, ಎಲ್ಲಿ ಬಿದ್ದುಬಿಡುತ್ತಾನೋ ಎಂಬಂತೆ. ಇಪ್ಪತ್ತೆಂಟು ವರ್ಷದವನು ಬೀಳಲು ಅಲ್ಲಿ ಮೂರೂವರೆ ಅಡಿ ಉರುಳಬೇಕಿತ್ತು.

ಹನ್ನೆರಡೂವರೆಗೆ ಸರಿಯಾಗಿ ಹುಡುಗಿಯ ಕಡೆಯವರು ಬಂದರು. ಬಂದದ್ದು ಹುಡುಗಿಯ ಸೋದರಮಾವ ಮತ್ತು ಅವರ ಪರಿಚಿತರೊಬ್ಬರು. ಭಾವ ಎಬ್ಬಿಸಲು ಹೊರಟರು, ತಂಗಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಮದುವೆಯಾದ ಮೂವತ್ತು ವರ್ಷಗಳಲ್ಲಿ ಅವಳು ಗಂಡನಿಗೆ ಹಾಗೆ ಅಡ್ಡ ನಿಂತದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಬಂದವರು ಸದ್ದು ಮಾಡದೆ ಬಾಗಿಲಿನಿಂದಲೇ ಹುಡುಗನನ್ನು ನೋಡಬಹುದು. ಇಬ್ಬರೂ ಚಪ್ಪಲಿ ಕಳಚಿ, ಗರ್ಭಗುಡಿಗೆ ಇಣುಕುವವರಂತೆ ಒಬ್ಬರಾದ ಮೇಲೊಬ್ಬರು ಇಣುಕಿದರು. ಹೊರಗೆ ಬಂದು ಕುಳಿತು ನೀರುದೋಸೆ ತಿನ್ನುತ್ತಾ ಸೋದರಮಾವ ಗಂಭೀರವಾಗಿ ಹೇಳಿದರು: "ಗೊರಕೆ ಇಲ್ಲ. ಅದೊಂದು ಒಳ್ಳೆಯದು." ಸಂಬಂಧ ಕೂಡಿಬರುತ್ತದೋ ಇಲ್ಲವೋ, ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದೆ. ಅವರ ಹಿಂದೆಯೇ ತನ್ನ ಮಗನ ಬಯೋಡೇಟಾ ಹಿಡಿದುಕೊಂಡು ಬಂದ ಆಚೆ ಮನೆಯವರ ಬಗ್ಗೆ ಹಾಗೆ ಹೇಳಲಾರೆ. ನಿದ್ದೆ ಮಾಡುತ್ತಿದ್ದಾನೆ ಎಂದರೂ ಅವರು ಹೋಗಲಿಲ್ಲ, ಜಗಲಿಯಲ್ಲಿ ಕುಳಿತು ಹಡಗಿನವರು ಡಾಲರಿನಲ್ಲಿ ಎಷ್ಟು ಕೊಡುತ್ತಾರೆಂದು ನನ್ನನ್ನು ಮೂರು ಸಲ ಕೇಳಿದರು.

ಇಷ್ಟೆಲ್ಲ ಆಗುವಾಗ ನನ್ನ ತಾಯಿ, ಅಂದರೆ ಅವನ ಅಜ್ಜಿ, ಮಂಚದ ಕಾಲಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೇ ಇದ್ದರು. ಎಂಬತ್ತನಾಲ್ಕು ವರ್ಷ, ಕಿವಿ ಮಂದ, ಹಾಗಾಗಿ ಅವರು ಪಿಸುಗುಟ್ಟಿದರೂ ಅದು ಮನೆಯಿಡೀ ಕೇಳುತ್ತದೆ. "ಹಡಗು ಎಲ್ಲಿ ನಿಂತಿದೆ?" ಎಂದು ಕೇಳಿದರು. ಬಂದರಿನಲ್ಲಿ ಅಮ್ಮ, ಎಂದೆ. "ಬಂದರಿನಲ್ಲಿ ಅಂತ ಗೊತ್ತು. ನಮ್ಮ ಬಾವಿಯಿಂದ ಆಚೆಗೋ ಈಚೆಗೋ?"

ಹೊರಗಿನವರಿಗೆ ಈ ಪ್ರಶ್ನೆ ಅರ್ಥವಾಗದಿರಬಹುದು. ಇಂದಿನ ಬಂದರು ಇರುವಲ್ಲಿ ಸ್ವಾಭಾವಿಕವಾದ ಕೊಲ್ಲಿಯೇನೂ ಇರಲಿಲ್ಲ. ಕಡಲ ದಂಡೆಯ ಒಳಗಿನ ನೆಲವನ್ನು ಅಗೆದು, ನೀರನ್ನು ಒಳಕ್ಕೆ ತಂದು ಮಾಡಿದ ಕೃತಕ ಬಂದರು ಅದು. 1962ರಲ್ಲಿ ಕೆಲಸ ಆರಂಭವಾಗಿ, 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಬಂದು ಉದ್ಘಾಟಿಸಿದರು. ಆ ನೆಲದ ಮೇಲೆ ಮನೆ, ಗದ್ದೆ, ತೆಂಗಿನ ತೋಟ ಇದ್ದವರು ಎದ್ದು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡಗಳಿಗೆ ಬಂದರು. ನಮ್ಮ ಮನೆಯವರು ಹಾಗೆ ಬಂದವರು. ನಾನಾಗ ಕೈಕೂಸು, ನನಗೆ ಯಾವ ನೆನಪೂ ಇಲ್ಲ. ಅಮ್ಮನಿಗೆ ಮಾತ್ರ ಬಾವಿಯ ಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಸವೆದಿದ್ದ ಎಷ್ಟು ಗೆರೆಗಳಿದ್ದವು ಎಂಬುದೂ ನೆನಪಿದೆ. ಪಣಂಬೂರಿಗೆ ಹಡಗು ಬಂತೆಂದು ಪತ್ರಿಕೆಯಲ್ಲಿ ಓದಿ ಹೇಳಿದಾಗಲೆಲ್ಲ ಅವರು ಕೇಳುವ ಪ್ರಶ್ನೆ ಇದೇ, ನಾನು ಕೊಡುವ ಉತ್ತರವೂ ಒಂದೇ: ಗೊತ್ತಿಲ್ಲ ಅಮ್ಮ. ಅಗೆದು ನೀರು ತುಂಬಿಸಿದ ಜಾಗದಲ್ಲಿ ಬಾವಿಯನ್ನು ಹುಡುಕುವುದು ಹೇಗೆ? ಬುಧವಾರವೂ ಅಷ್ಟೇ ಹೇಳಿದೆ. ಆದರೆ ಈ ಸಲ ಅಲ್ಲಿ ನಿಂತಿದ್ದ ಹಡಗಿನಿಂದ ಇಳಿದುಬಂದವನು ನಮ್ಮವನೇ, ಅದೂ ಎರಡೂವರೆಯೊಳಗೆ ಹಿಂದಿರುಗುವ ಷರತ್ತಿನ ಮೇಲೆ. ಆಚೆಗೋ ಈಚೆಗೋ ಎಂಬ ಪ್ರಶ್ನೆ ಮೊದಲ ಬಾರಿಗೆ ನನಗೆ ಮುದುಕರ ಹಳಹಳಿಕೆಯಂತೆ ಕೇಳಿಸಲಿಲ್ಲ.

ಒಂದೂಕಾಲಕ್ಕೆ ಮೊಬೈಲಿನ ಅಲಾರಂ ಕೂಗಿದ್ದೇ ತಡ, ಅವನು ಎದ್ದು ನಿಂತುಬಿಟ್ಟಿದ್ದ. ಎದ್ದು ಕುಳಿತು, ಕಣ್ಣು ಹೊಸಕಿ, ಎಲ್ಲಿದ್ದೇನೆಂದು ನೋಡುವ ಘಟ್ಟವೇ ಇರಲಿಲ್ಲ. ತಲೆ ತಗ್ಗಿಸಿಕೊಂಡು ಎದ್ದ, ಮೇಲೆ ಇನ್ನೊಂದು ಹಾಸಿಗೆ ಇದೆಯೆಂಬಂತೆ. ಮುಖ ತೊಳೆದು ಬಂದು ಇಪ್ಪತ್ತು ನಿಮಿಷದಲ್ಲಿ ಉಂಡ. ಪುಳಿಮುಂಚಿಯನ್ನು ಎರಡು ಸಲ ಹಾಕಿಸಿಕೊಂಡ, ಕೋಳಿಯನ್ನು ಮುಟ್ಟಲಿಲ್ಲ. ಬ್ಯಾಂಕಿನ ಕಾಗದಗಳಿಗೆ ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು, ಊಟದ ಬಲಗೈಯನ್ನು ಒರೆಸಿಕೊಂಡು ಸಹಿ ಹಾಕಿದ. ಒಂದರ ಮೇಲೆ ಸಾರಿನ ಕಲೆ ಬಿತ್ತು, ಭಾವ ಅದನ್ನು ಕರವಸ್ತ್ರದಿಂದ ಒತ್ತಿದರು. ಆಚೆ ಮನೆಯವರ ಬಯೋಡೇಟಾವನ್ನು ಮಡಚಿ ಕಿಸೆಗೆ ಹಾಕಿಕೊಂಡ. ಒಂದೂ ಐವತ್ತಕ್ಕೆ ನಾವು ಮತ್ತೆ ಕಾರಿನಲ್ಲಿದ್ದೆವು.

ಎಬ್ಬಿಸಬೇಕಿತ್ತೇ? ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ಐದು ತಿಂಗಳ ನಂತರ ಬಂದ ಮಗನ ಜೊತೆ ನಾಲ್ಕು ಮಾತಾಡಲು ಆಗಲಿಲ್ಲ ಎಂಬ ಭಾವನ ಕೊರಗನ್ನು ನಾನು ಸುಳ್ಳೆನ್ನಲಾರೆ. ಮರುದಿನ ಅವರು ಆ ಮಂಚದ ಮೇಲೆ ಹಗಲು ಹೊತ್ತಿನಲ್ಲಿ ಸುಮ್ಮನೆ ಕುಳಿತಿದ್ದುದನ್ನೂ ನೋಡಿದ್ದೇನೆ. ತಂಗಿಗೆ ಮಾತ್ರ ತಕರಾರೇ ಇಲ್ಲ. ಅವನು ಮಲಗಿದ್ದ ಒಂದು ಗಂಟೆ ಐದು ನಿಮಿಷದಲ್ಲಿ ಅವಳು ಹನ್ನೊಂದು ಸಲ ಕೋಣೆಗೆ ಹೋಗಿಬಂದಳೆಂದು ಭಾವನೇ ಎಣಿಸಿದ್ದಾರೆ. ನಾನು ಯಾವ ಪಕ್ಷವೆಂದು ಕೇಳಿದರೆ, ದೇವಸ್ಥಾನಕ್ಕೆ ಹೋಗುವ ಎಂದು ಮೊದಲು ಬಾಯಿಬಿಟ್ಟವನು ನಾನೇ ಎಂಬುದು ನೆನಪಾಗಿ ಸುಮ್ಮನಾಗುತ್ತೇನೆ. ಊರಿಗೆ ಬಂದವರು ಊರನ್ನು ನೋಡಬೇಕು, ಉಣ್ಣಬೇಕು, ನಮ್ಮನ್ನು ಮಾತಾಡಿಸಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅವನಿಗೆ ಅಂದು ಬೇಕಾಗಿದ್ದದ್ದು ಯಾರೂ ಏನನ್ನೂ ತರಲು ಹೇಳದ ಒಂದು ಗಂಟೆ, ಕಾಗೆಯ ಸದ್ದು, ಕಿಟಕಿ. ಬೇರೆ ಯಾವ ಬಂದರಿನಲ್ಲಿಯೂ ಅದು ಅವನಿಗೆ ಸಿಗುವಂಥದ್ದಲ್ಲ.

ಹಿಂದಿರುಗುವ ದಾರಿಯಲ್ಲಿ ಬೈಕಂಪಾಡಿಯ ಬಳಿ ಟ್ಯಾಂಕರುಗಳ ಸಾಲಿಗೆ ಸಿಕ್ಕಿಕೊಂಡು ನನ್ನ ಎದೆ ಬಡಿದುಕೊಳ್ಳುತ್ತಿದ್ದಾಗ ಅವನು ಶಾಂತವಾಗಿ ಕೇಳಿದ: "ಮಾಮ, ಅಜ್ಜಿ ಬಾವಿಯ ವಿಷಯ ಏನೋ ಹೇಳುತ್ತಿದ್ದರಲ್ಲ?" ನಿದ್ದೆಯಲ್ಲಿ ಕೇಳಿಸಿತೇ ಎಂದರೆ, ಅಜ್ಜಿಯ ಪಿಸುಮಾತು ಕೇಳಿಸದೆ ಇರುತ್ತದೆಯೇ ಎಂದು ನಕ್ಕ. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ದ್ವಾರದಲ್ಲಿ ಇಳಿದಾಗ ಎರಡೂ ಇಪ್ಪತ್ತು. ಮೂಡುಬಿದಿರೆಯಿಂದ ಬಂದ ಬಸ್ಸೊಂದು ಅದೇ ಹೊತ್ತಿಗೆ ಒಳಹೋಗುತ್ತಿತ್ತು. ಕಿಟಕಿಯಲ್ಲಿ ಮಲ್ಲಿಗೆ ಮುಡಿದ ವಯಸ್ಸಾದ ಮಹಿಳೆಯೊಬ್ಬರು ನಮ್ಮಿಬ್ಬರಿಗೂ ಕೈಬೀಸಿದರು. ಇವನು ಬೆನ್ನು ನೆಟ್ಟಗೆ ಮಾಡಿ, ಹಲ್ಲು ಕಾಣುವಂತೆ ನಕ್ಕು, ಕೈಬೀಸಿದ. ಅವನ ಪಾಳಿ ಅಲ್ಲಿಯೇ ಶುರುವಾಗಿತ್ತು.

ಐದೂವರೆಗೆ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಹಡಗು ಹೊರಟಾಗ ಹಿಂಬದಿಯ ಕಟಾಂಜನದಿಂದ ತೆಗೆದದ್ದು: ಕ್ರೇನುಗಳು, ಕಲ್ಲಿದ್ದಲಿನ ರಾಶಿ, ನಡುವೆ ಬರಿಯ ಮಣ್ಣುಬಣ್ಣದ ನೀರು. ನೀರಿನ ಮೇಲೆ ಒಂದು ಕಡೆ ಬೆರಳಿನಿಂದ ಕೆಂಪು ವೃತ್ತ ಎಳೆದು, ಕೆಳಗೆ "ಅಜ್ಜಿಗೆ ತೋರಿಸಿ. ಬಾವಿ ಇಲ್ಲಿಯಾ?" ಎಂದು ಬರೆದಿದ್ದ. ಅಮ್ಮ ಕನ್ನಡಕ ಹಾಕಿಕೊಂಡು, ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು.

"ಅಲ್ಲ" ಎಂದರು. "ಇನ್ನೂ ಸ್ವಲ್ಪ ಬಡಗು ದಿಕ್ಕಿಗೆ."