ಬಂದೂಕಿನ ತೋಟಾ ಮನೆಯಲ್ಲೇ ತುಂಬಿದರೆ ದುಡ್ಡು ಉಳಿಯುತ್ತಾ? ಮಾವ ಕೇಳಿದ ಲೆಕ್ಕ

2024ರ ಏಪ್ರಿಲ್‌ನಲ್ಲಿ ಊರಿಗೆ ಬಂದಿದ್ದೆ. ಲೋಕಸಭೆ ಚುನಾವಣೆಯ ಹೊತ್ತು. ಹೊಳಲ್ಕೆರೆ ತಾಲೂಕಿನಲ್ಲಿರುವ ನಮ್ಮ ಸೋದರಮಾವನ ಮನೆಗೆ ಹೋದರೆ, ನಡುಮನೆ ಗೋಡೆಯ ಮೇಲೆ ಕೋವಿ ನೇತುಹಾಕುವ ಗೂಟ ಖಾಲಿ ಇತ್ತು. ಚುನಾವಣೆ ಬಂತಂದ್ರೆ ಲೈಸೆನ್ಸ್ ಇರುವವರು ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕಲ್ವಾ, ಅದೇ. ಮಾವನದು ಬೆಳೆ ಕಾಯೋಕೆ ಅಂತ ತೆಗೆದುಕೊಂಡ 12 ಬೋರಿನ ಕೋವಿ. ಊಟ ಮುಗಿಸಿ ಜಗಲಿ ಮೇಲೆ ಕೂತಾಗ ಕೇಳಿದರು: "ನಿಮ್ಮ ಅಮೆರಿಕದಾಗೆ ತೋಟಾನ ಮನೇಲೇ ತುಂಬ್ಕೊಂತಾರಂತಲ್ಲಪ್ಪ, ನೀನೂ ತುಂಬ್ತೀಯಂತೆ. ಅಗ್ಗ ಬೀಳ್ತೈತಾ?"

ಅವತ್ತು ಒಂದೇ ಮಾತಲ್ಲಿ ಹೇಳೋಕೆ ಆಗಲಿಲ್ಲ. ಎರಡು ಗಂಟೆ ಕೂತು ಲೆಕ್ಕ ಒಪ್ಪಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದ್ರೆ ಊರಿನ ಸ್ನೇಹಿತರೂ ಇದನ್ನೇ ಕೇಳ್ತಾರೆ.

ನಾನಿರುವುದು ಟೆಕ್ಸಾಸ್‌ನಲ್ಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಪಿಸ್ತೂಲು, ಆಮೇಲೆ ಒಂದು ರೈಫಲ್ ಕೊಂಡೆ. ಕೆಲಸದ ವೀಸಾದಲ್ಲಿ ಇರುವವರು, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಹೊಸದಾಗಿ ಹೋದವರು ಇದನ್ನು ತಿಳಿದಿರಬೇಕು. ನಮ್ಮ ಕಡೆ ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗುವ ಹಾಗೆ ಅಲ್ಲೂ ಹಂದಿ ಕಾಟ ವಿಪರೀತ. ಎಷ್ಟು ವಿಪರೀತ ಅಂದ್ರೆ, ಜಮೀನಿನವರ ಒಪ್ಪಿಗೆ ಇದ್ದರೆ ಅವರ ಜಾಗದಲ್ಲಿ ಹಂದಿ ಹೊಡೆಯೋಕೆ ಬೇಟೆ ಲೈಸೆನ್ಸೇ ಬೇಡ ಅಂತ 2019ರಲ್ಲಿ ಕಾನೂನು ಬದಲಿಸಿದರು. ಸ್ವಂತಕ್ಕೆ ತೋಟಾ ತುಂಬಿಕೊಳ್ಳುವುದಕ್ಕೂ ಫೆಡರಲ್ ಲೈಸೆನ್ಸ್ ಬೇಡ. ಮಾರೋಕೆ ಮಾಡಿದರೆ ಮಾತ್ರ ಬೇಕು.

ಒಂದು ತೋಟಾದಲ್ಲಿ ಇರುವುದು ನಾಲ್ಕೇ ವಸ್ತು. ಹಿತ್ತಾಳೆಯ ಕೊಳವೆ, ಅದನ್ನು ಎಲ್ಲರೂ ಬ್ರಾಸ್ ಅಂತಾರೆ. ಅದರ ಬುಡದಲ್ಲಿ ಪ್ರೈಮರ್, ಅಂದ್ರೆ ನಮ್ಮ ಹಳೇ ಕೇಪಿನ ಕೋವಿಯ ಕೇಪಿನ ಹಾಗೆ ಕಿಡಿ ಹೊತ್ತಿಸಿ ಮದ್ದಿಗೆ ಬೆಂಕಿ ಕೊಡುವುದು. ಒಳಗೆ ಮದ್ದು. ಬಾಯಲ್ಲಿ ಗುಂಡು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ನಾಲ್ಕು ದೊಡ್ಡ ಕಲ್ಲುಗಳನ್ನು ಚಿಕ್ಕಂದಿನಲ್ಲಿ ಎಲ್ಲರೂ ನೋಡಿದ್ದೇವೆ. ಅಲ್ಲಿ ಬೀಸುತ್ತಿದ್ದದ್ದು ಕರಿಮದ್ದು, ಈಗಿನದು ಹೊಗೆ ಕಮ್ಮಿ ಇರುವ ಬೇರೆಯದೇ ಮದ್ದು. ಈಡು ಹೊಡೆದ ಮೇಲೆ ಉಳಿಯುವುದು ಬ್ರಾಸ್ ಒಂದೇ. ಹೊಸ ತೋಟಾದ ಬೆಲೆಯಲ್ಲಿ ಅದರ ಪಾಲು ದೊಡ್ಡದು, ಅದನ್ನೇ ತೊಳೆದು, ಪ್ರೆಸ್‌ನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಮತ್ತೆ ತುಂಬುತ್ತೇವೆ. ಉಳಿತಾಯ ಅಂತ ಏನಾದರೂ ಇದ್ದರೆ ಅಲ್ಲೇ ಇರುವುದು.

ನಮ್ಮಪ್ಪ ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕ್ವಿಂಟಲ್‌ಗೆ ಇಷ್ಟು ರೇಟು ಸಿಕ್ತು ಅಂತ ರೈತರು ಖುಷಿಯಲ್ಲಿ ಎದ್ದು ಹೊರಟರೆ ಕೂರಿಸಿ, ಬಾಡಿಗೆ, ಹಮಾಲಿ, ಚೀಲ ಎಲ್ಲ ಕಳೆದು ಕೈಗೆ ಬಂದದ್ದೆಷ್ಟು ಅಂತ ತೋರಿಸಿ ಕಳಿಸುತ್ತಿದ್ದರು. ಹಮಾಲಿ ಹಿಡಿಯದೆ ಬರೆದದ್ದು ಲೆಕ್ಕವೇ ಅಲ್ಲ ಅನ್ನೋರು. ರೀಲೋಡಿಂಗ್, ಅಂದ್ರೆ ಹೀಗೆ ಮನೆಯಲ್ಲಿ ತೋಟಾ ತುಂಬುವುದರ ಬಗ್ಗೆ ಮಾತಾಡುವ ಬಹಳ ಜನ ಈ ಹಮಾಲಿಯನ್ನೇ ಬಿಟ್ಟುಬಿಡ್ತಾರೆ.

ಮೊದಲು ಪಿಸ್ತೂಲಿನದು ನೋಡಿ. 9 ಎಂಎಂ ತೋಟಾ ಅಂಗಡಿಯಲ್ಲಿ ನನಗೆ ಒಂದಕ್ಕೆ 25 ಸೆಂಟ್ಸ್ ಬಿದ್ದಿತ್ತು. ಅದರಲ್ಲಿ ಕಂಪನಿಯವರು ಕಟ್ಟುವ 11% ಫೆಡರಲ್ ತೆರಿಗೆಯೂ ಸೇರಿದೆ, 1937ರ ಕಾನೂನಿನ ಪ್ರಕಾರ ಆ ದುಡ್ಡು ಕಾಡುಪ್ರಾಣಿಗಳ ಸಂರಕ್ಷಣೆಗೆ ಹೋಗುತ್ತೆ. ಮನೆಯಲ್ಲಿ ತುಂಬಿದರೆ ಗುಂಡಿಗೆ 10, ಪ್ರೈಮರ್‌ಗೆ 8, ಮದ್ದಿಗೆ 3, ಒಟ್ಟು 21 ಸೆಂಟ್ಸ್. ಬ್ರಾಸ್ ಹೇಗೂ ನನ್ನದೇ. ಒಂದಕ್ಕೆ 4 ಸೆಂಟ್ಸ್ ಉಳೀತು. ಪ್ರೆಸ್, ಅದಕ್ಕೆ ಹಾಕುವ ಅಚ್ಚು (ಡೈ), ತಕ್ಕಡಿ, ಅಳತೆ ಸಾಮಾನು ಎಲ್ಲ ಸೇರಿ ನಾನು ಹಾಕಿದ ಬಂಡವಾಳ 420 ಡಾಲರ್. ಅದು ವಾಪಸ್ ಬರಬೇಕಂದ್ರೆ 10,500 ತೋಟಾ ತುಂಬಬೇಕು. ತಿಂಗಳಿಗೆ ನೂರು ಹೊಡೆಯುವ ನನ್ನಂಥವನಿಗೆ ಒಂಬತ್ತು ವರ್ಷದ ಹತ್ತಿರ! ಇನ್ನೊಂದು ಇದೆ. ಪ್ರೈಮರ್, ಮದ್ದು ಎರಡೂ ಅಪಾಯದ ಸರಕು, ಅಂಚೆ ಸಾಮಾನಿನ ಹಾಗೆ ಸುಮ್ನೆ ಕಳಿಸೋಕೆ ಬರಲ್ಲ, ಆರ್ಡರ್ ಒಂದಕ್ಕೆ ಬೇರೆ ಶುಲ್ಕ ಹಾಕ್ತಾರೆ. ನಾನು ಒಂದು ಸಾವಿರ ಪ್ರೈಮರ್ ತರಿಸಿದಾಗ ಆ ಶುಲ್ಕವೇ 25 ಡಾಲರ್ ಆಯ್ತು, ಅಂದ್ರೆ ತೋಟಾ ಒಂದಕ್ಕೆ ಎರಡೂವರೆ ಸೆಂಟ್ಸ್ ಅಲ್ಲೇ ಹೋಯ್ತು. ನಾಲ್ಕು ಸೆಂಟ್ಸ್ ಲಾಭ ಒಂದೂವರೆಗೆ ಇಳೀತು.

ಈಗ ಹಮಾಲಿ, ಅಂದ್ರೆ ನನ್ನ ಕೈಕೆಲಸದ ಕೂಲಿ. ನನ್ನದು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಚಿಕ್ಕ ಪ್ರೆಸ್. ಗಂಟೆಗೆ ಐವತ್ತು ತೋಟಾ ಆದರೆ ಜಾಸ್ತಿ. ಆ ಶುಲ್ಕ ಬಿಟ್ಟು ಲೆಕ್ಕ ಹಾಕಿದರೂ ಗಂಟೆಗೆ 2 ಡಾಲರ್ ದುಡಿದಂತೆ. ಟೆಕ್ಸಾಸ್‌ನಲ್ಲಿ ಕಾನೂನು ಹೇಳುವ ಕನಿಷ್ಠ ಕೂಲಿಯೇ 7.25 ಡಾಲರ್. ಮಾವನಿಗೆ ಇಷ್ಟು ಹೇಳಿದ ಕೂಡಲೇ "ಹಂಗಾದ್ರೆ ಯಾಕ್ ಬೇಕಪ್ಪ ಅದು, ಅಂಗಡೀಲಿ ತಗಾ" ಅಂದರು. ಸರಿಯೇ. ಪಿಸ್ತೂಲಿಗೆ ನಾನು ತುಂಬುವುದನ್ನು ನಿಲ್ಲಿಸಿ ಒಂದು ವರ್ಷ ಆಗಿತ್ತು ಅಷ್ಟೊತ್ತಿಗೆ.

ನಾನು ಶುರು ಮಾಡಿದ್ದು 2021ರಲ್ಲಿ, ಆಗಿನ ಪರಿಸ್ಥಿತಿಯೇ ಬೇರೆ. ಕೊರೊನಾ ಬಂದ ಮೇಲೆ ಅಂಗಡಿಗಳ ಕಪಾಟು ಖಾಲಿ, ಸಿಕ್ಕರೂ 9 ಎಂಎಂ ಬೆಲೆ ಎರಡು ಪಟ್ಟು ದಾಟಿತ್ತು. ಮನೆಯಲ್ಲೇ ತುಂಬಿದರೆ ಬಚಾವು ಅಂತ ನನ್ನ ಹಾಗೆ ಎಷ್ಟೋ ಜನ ಪ್ರೆಸ್ ಕೊಂಡರು. ಆದರೆ ಪ್ರೈಮರ್ ಕೂಡ ಸಿಗಲಿಲ್ಲ! ಮುಂಚೆ ಸಾವಿರಕ್ಕೆ ಮೂವತ್ತು ಡಾಲರ್ ಆಸುಪಾಸು ಇದ್ದದ್ದು ಮಾಯವಾಗಿತ್ತು. ತೋಟಾ ಕಂಪನಿಗಳಿಗೂ ಅದೇ ಪ್ರೈಮರ್ ಬೇಕು, ಬಿಡಿಯಾಗಿ ಮಾರುವುದಕ್ಕೆ ಮಿಕ್ಕುವುದು ಆಮೇಲೆ. ಹಾಗಾಗಿ ಬರಗಾಲಕ್ಕೆ ಆಗುತ್ತೆ ಅನ್ನುವ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೊದಲೇ ಸಾಮಾನು ತಂದಿಟ್ಟವರಿಗೆ ಆಯ್ತು, ಪ್ರೆಸ್ ಒಂದೇ ಇಟ್ಟುಕೊಂಡವರಿಗೆ ಆಗಲಿಲ್ಲ.

ರೈಫಲ್ ವಿಷಯಕ್ಕೆ ಬಂದರೆ ಲೆಕ್ಕ ಪೂರಾ ತಿರುಗುತ್ತೆ. ನನ್ನದು .308 ಅನ್ನುವ ಅಳತೆಯ ತೋಟಾ ಹಾಕುವ ರೈಫಲ್. ಗುರಿ ಹೊಡೆಯುವುದಕ್ಕಂತಲೇ ಮಾಡುವ ಒಳ್ಳೆ ತೋಟಾ ಆಗ 1 ಡಾಲರ್ 70 ಸೆಂಟ್ಸ್ ಇತ್ತು. ಒಂದು ಪೌಂಡ್ ಮದ್ದಿನಲ್ಲಿ ಈ ತೋಟಾ ಸುಮಾರು 160 ಆಗುತ್ತವೆ, ಮದ್ದಿಗೇ ಒಂದಕ್ಕೆ 28 ಸೆಂಟ್ಸ್. ಒಳ್ಳೆ ಗುಂಡಿಗೆ 50, ಪ್ರೈಮರ್‌ಗೆ 8, ಬ್ರಾಸ್ ಸವೆತಕ್ಕೆ 10. ಒಟ್ಟು 96. ಒಂದಕ್ಕೆ 74 ಸೆಂಟ್ಸ್ ಉಳೀತು. ಗಂಟೆಗೆ ಇಪ್ಪತ್ತೇ ತುಂಬಿದರೂ ಹಮಾಲಿ 15 ಡಾಲರ್ ಹತ್ತಿರ ಬಂತು. ಸಾಮಾನಿನ 420 ಡಾಲರ್ ಆರುನೂರು ತೋಟಾ ತುಂಬುವ ಮೊದಲೇ ವಾಪಸ್. ಒಂದು ಎಚ್ಚರಿಕೆ: ಆಗ ಡಾಲರ್‌ಗೆ ಒಂದರಂತೆ ಸಿಗುತ್ತಿದ್ದ ಸಾಧಾರಣ .308 ಸಾಕು ಅನ್ನುವವರಿಗೆ ಈ ಲಾಭ ಇಲ್ಲ. ಹೋಲಿಸಬೇಕಾದದ್ದು ಒಳ್ಳೆಯದನ್ನು ಒಳ್ಳೆಯದರ ಜೊತೆ.

ಮತ್ತೆ ಗುರಿಯ ಮಾತು. ಒಂದೊಂದು ನಳಿಗೆಗೆ ಒಂದೊಂದು ತೋಟಾ ಒಗ್ಗುತ್ತೆ. ಗುಂಡಿನ ತೂಕ, ಮದ್ದು, ಉದ್ದ ಇವನ್ನು ಕಂಪನಿ ಪುಸ್ತಕ ಹೇಳುವ ಮಿತಿಯೊಳಗೇ ಸ್ವಲ್ಪ ಸ್ವಲ್ಪ ಬದಲಿಸಿ ನೋಡಿದ ಮೇಲೆ, ನೂರು ಗಜದಲ್ಲಿ ನನ್ನ ಐದು ಗುಂಡು ಬೀಳುವ ಜಾಗ ಒಬ್ಬಟ್ಟಿನಗಲದಿಂದ ಎರಡು ರೂಪಾಯಿ ನಾಣ್ಯದಗಲಕ್ಕೆ ಬಂತು. ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ದುಡ್ಡು ಒಂದು ಪೈಸೆ ಉಳಿಯದಿದ್ದರೂ ರೈಫಲ್‌ಗೆ ತುಂಬುವುದನ್ನು ನಾನು ಬಿಡಲ್ಲ.

ಆದರೆ ಅಪಾಯವನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತೆ. ಮೊದಲನೇ ವರ್ಷ, ಪಿಸ್ತೂಲಿಗೆ ತುಂಬುತ್ತಿದ್ದಾಗ ಮಧ್ಯದಲ್ಲಿ ಊರಿಂದ ಫೋನ್ ಬಂತು, ಮಾತಾಡಿ ಬಂದು ಮುಂದುವರಿಸಿದೆ. ಮುಂದಿನ ವಾರ ಗುರಿ ಅಭ್ಯಾಸದ ಜಾಗದಲ್ಲಿ ಒಂದು ತೋಟಾ ಢಂ ಅನ್ನದೆ ಟಪ್ ಅಂತು. ಕೈಗೆ ಒದೆತವೇ ಬರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಿಲ್ಲಿಸು ಅಂತ ಕೂಗಿದರು. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಆ ತೋಟಾಕ್ಕೆ ನಾನು ಮದ್ದೇ ಹಾಕಿರಲಿಲ್ಲ, ಪ್ರೈಮರ್ ಒಂದೇ ಅದನ್ನು ಅಷ್ಟು ದೂರ ತಳ್ಳಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳಬಹುದಿತ್ತು, ಕೈಯೂ ಹೋಗಬಹುದಿತ್ತು. ಮನೆಗೆ ಬಂದು ಆ ಸಲ ತುಂಬಿದ್ದ ಅಷ್ಟನ್ನೂ ಒಂದೊಂದಾಗಿ ಬಿಚ್ಚಿದೆ. ಈಗ ಆ ಕೋಣೆಗೆ ಫೋನ್ ತರುವುದಿಲ್ಲ. ಪ್ರತಿ ತೋಟಾದೊಳಗೆ ಟಾರ್ಚ್ ಬಿಟ್ಟು ಮದ್ದು ನೋಡಿಯೇ ಗುಂಡು ಕೂರಿಸುವುದು. ಎರಡು ಸಲ ಮದ್ದು ಬಿದ್ದರೆ ಇದಕ್ಕಿಂತ ಕೆಟ್ಟದ್ದು. ಹಳೇ ಬ್ರಾಸ್ ತೊಳೆಯುವಾಗ ಸೀಸದ ಧೂಳು ಏಳುತ್ತೆ, ಮಕ್ಕಳಿರುವ ಮನೆಯಲ್ಲಿ ಅದನ್ನು ಒಳಗೆ ಮಾಡಲೇಬಾರದು.

ಮಾವ ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ 12 ಬೋರಿಗೆ ಹೇಗೆ ಅಂತ ಕೇಳಿದರು. ಅದಕ್ಕೆ ಅಮೆರಿಕದಲ್ಲೇ ಈಗ ಅಷ್ಟು ಗಿಟ್ಟಲ್ಲ ಮಾವಾ, ಚರೆಗೆ ಹಾಕುವ ಸೀಸದ ಬೆಲೆಯೇ ಲಾಭ ತಿಂದುಬಿಡುತ್ತೆ ಅಂದೆ. ಇಲ್ಲಂತೂ ಮಾತೇ ಇಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ತೋಟಾ ತಯಾರಿಸೋಕೆ ಬೇರೆಯೇ ಲೈಸೆನ್ಸ್ ಬೇಕು, ಬೆಳೆ ಕಾಯುವ ಕೋವಿಯ ಪುಸ್ತಕ ಇದ್ದ ಮಾತ್ರಕ್ಕೆ ತುಂಬುವ ಹಾಗಿಲ್ಲ. "ನಾನೆಲ್ಲಿ ತುಂಬಲಪ್ಪ, ವರ್ಷಕ್ಕೆ ಹತ್ತು ಈಡು ಹೊಡೆದ್ರೆ ಹೆಚ್ಚು" ಅಂದರು.

ಜೂನ್‌ನಲ್ಲಿ ಕೋವಿ ವಾಪಸ್ ಬಂತು ಅಂತ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದರು, ಅದೇ ಗೂಟದಲ್ಲಿ ನೇತಾಡುತ್ತಿತ್ತು. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತಂತೆ, ಮಾರನೇ ದಿನ ಮೆಕ್ಕೆಜೋಳ ಬಿತ್ತುತ್ತೇವೆ ಅಂತ ಬರೆದಿದ್ದರು.