ನಡೆದರೆ ತಾನಾಗಿ ಮೂಡುವ ಕಾಲುದಾರಿಯನ್ನು ನೋಡಿಕೊಳ್ಳುವುದೇನಿದೆ?

ಅಮೆರಿಕದ ವರ್ಜೀನಿಯಾದಲ್ಲಿ ನೆಲೆಸಿರುವ ನಾನು ಬಿಡುವಿನ ದಿನಗಳಲ್ಲಿ ಶೆನಂಡೋವಾ ರಾಷ್ಟ್ರೀಯ ಉದ್ಯಾನದ ಚಾರಣದ ಹಾದಿಯ ಒಂದು ತುಂಡನ್ನು ಸ್ವಯಂಸೇವೆಯಲ್ಲಿ ನೋಡಿಕೊಳ್ಳುತ್ತೇನೆ. ಇದನ್ನು ಹೇಳಿದಾಗಲೆಲ್ಲ ಊರಿನ ಬಂಧುಗಳೂ ಇಲ್ಲಿನ ಕನ್ನಡದ ಗೆಳೆಯರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಜನ ಓಡಾಡಿದರೆ ಕಾಲುದಾರಿ ತಾನಾಗಿ ಮೂಡುತ್ತದೆ, ಅದರಲ್ಲಿ ನೋಡಿಕೊಳ್ಳುವುದೇನಿದೆ? ಇದ್ದರೂ ಅದು ಸರ್ಕಾರದ ಕೆಲಸವಲ್ಲವೇ? ಮಲೆನಾಡಿನಲ್ಲಿ ಬೆಳೆದವರು ಹೀಗೆ ಕೇಳುವುದು ಸಹಜ. ತೋಟಕ್ಕೆ, ಶಾಲೆಗೆ, ಗುಡ್ಡದಾಚೆಯ ಮನೆಗೆ ಹೋಗುವ ದಾರಿಗಳನ್ನು ಯಾರೂ ನಕ್ಷೆ ಬರೆದು ಕಡಿದದ್ದಲ್ಲ. ಆದರೆ ಹತ್ತು ಮನೆಯವರು ನಡೆಯುವ ದಾರಿಯ ಲೆಕ್ಕ ಬೇರೆ, ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದುಹೋಗುವ ಉದ್ಯಾನದ ಕಡಿದಾದ ಹಾದಿಯ ಲೆಕ್ಕ ಬೇರೆ.

ನನ್ನ ಉತ್ತರದ ಬಹುಪಾಲು ನೀರಿಗೆ ಸಂಬಂಧಿಸಿದ್ದು. ಕಾಲುಗಳು ದಾರಿಯನ್ನು ಮೂಡಿಸುತ್ತವೆ ಎಂಬುದು ನಿಜ, ಆದರೆ ಅದೇ ಕಾಲುಗಳು ನೆಲದ ಹುಲ್ಲನ್ನೂ ತರಗೆಲೆಯ ಹೊದಿಕೆಯನ್ನೂ ಕಳೆದು, ಮಣ್ಣನ್ನು ತುಳಿದು ಗಟ್ಟಿ ಮಾಡಿ, ದಾರಿಯ ನಡುವನ್ನು ಅಕ್ಕಪಕ್ಕದ ನೆಲಕ್ಕಿಂತ ತುಸು ತಗ್ಗಾಗಿಸುತ್ತವೆ. ಇಳಿಜಾರಿನಲ್ಲಿ ಅಂಥ ತಗ್ಗು ಸಿಕ್ಕಿತೆಂದರೆ ಮಳೆಯ ನೀರು ಇಂಗುವುದನ್ನು ಬಿಟ್ಟು ಅದರಲ್ಲೇ ಹರಿಯತೊಡಗುತ್ತದೆ. ಹರಿದಷ್ಟೂ ವೇಗ ಹೆಚ್ಚಿ, ವೇಗ ಹೆಚ್ಚಿದಷ್ಟೂ ಹೆಚ್ಚು ಮಣ್ಣನ್ನು ಹೊತ್ತೊಯ್ದು, ಕೆಲವೇ ವರ್ಷಗಳಲ್ಲಿ ದಾರಿ ಇದ್ದಲ್ಲಿ ಬೇರು, ಬಂಡೆಗಳಷ್ಟೇ ಉಳಿದ ಕೊರಕಲು ಆಗುತ್ತದೆ. ಆಗ ಜನ ಕೊರಕಲಿನಲ್ಲಿ ಇಳಿಯದೆ ಅದರ ಅಂಚಿನಲ್ಲಿ ನಡೆಯುತ್ತಾರೆ, ಆ ಅಂಚೂ ತಗ್ಗಾಗುತ್ತದೆ, ಒಂದೂವರೆ ಅಡಿಯ ದಾರಿ ಹದಿನೈದು ಅಡಿಯ ಬೋಳುನೆಲವಾಗಿ ಹರಡುತ್ತದೆ. ಹೀಗೆ ಕಳೆದುಹೋದ ಮೇಲ್ಮಣ್ಣು ನಮ್ಮ ಜೀವಿತಾವಧಿಯಲ್ಲಿ ಮರಳಿ ಬರುವುದಿಲ್ಲ.

ಆದ್ದರಿಂದ ನಮ್ಮ ಮುಖ್ಯ ಕೆಲಸ ದಾರಿಯಿಂದ ನೀರನ್ನು ಬೇಗ ಹೊರಗೆ ಕಳಿಸುವುದು. ದಾರಿಗೆ ಓರೆಯಾಗಿ ದಿಮ್ಮಿಯನ್ನೋ ಕಲ್ಲುಗಳ ಸಾಲನ್ನೋ ಹೂತು, ಹರಿದು ಬರುವ ನೀರನ್ನು ತಡೆದು ಕಣಿವೆಯ ಕಡೆಗೆ ತಿರುಗಿಸುವುದು ಹಳೆಯ ಕ್ರಮ. ಈಚೆಗೆ, ಸಾಧ್ಯವಿರುವಲ್ಲೆಲ್ಲ, ದಾರಿಯನ್ನೇ ತುಸು ಇಳಿಸಿ ಮತ್ತೆ ಏರಿಸಿ ಆ ತಗ್ಗಿನಲ್ಲಿ ನೀರು ಹೊರಬೀಳುವಂತೆ ಮಾಡುವುದನ್ನು ಮೆಚ್ಚುತ್ತಾರೆ, ಏಕೆಂದರೆ ಅಲ್ಲಿ ಕೊಳೆಯುವ ದಿಮ್ಮಿಯಿಲ್ಲ, ಎಡವುವ ಕಲ್ಲಿಲ್ಲ. ಯಾವ ಕ್ರಮವಾದರೂ ನೀರು ಹೊರಹೋಗುವ ಬಾಯಿಯಲ್ಲಿ ಮಣ್ಣು, ಎಲೆ ತುಂಬಿಕೊಳ್ಳುತ್ತಲೇ ಇರುತ್ತವೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ಓಕ್ ಮತ್ತು ಮೇಪಲ್ ಮರಗಳ ಎಲೆ ಉದುರಿದ ಮೇಲೊಮ್ಮೆ, ಹಿಮ ಕರಗಿದ ಮೇಲೊಮ್ಮೆ ಈ ಬಾಯಿಗಳನ್ನು ಬಿಡಿಸದಿದ್ದರೆ, ಅಷ್ಟು ಕಷ್ಟಪಟ್ಟು ಹೂತ ದಿಮ್ಮಿಯ ಮೇಲೆಯೇ ನೀರು ಹಾದು ಮತ್ತೆ ದಾರಿಗೆ ಬೀಳುತ್ತದೆ. ಮಳೆಗಾಲಕ್ಕೆ ಮುನ್ನ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿನ ಹಿರಿಯರಿಗೆ ಈ ಒಂದು ಮಾತು ಹೇಳಿದರೆ ನನ್ನ ಅರ್ಧ ಉತ್ತರ ಮುಗಿಯುತ್ತದೆ.

ದಾರಿ ಎಲ್ಲಿ ಹಾಯಬೇಕೆಂಬುದನ್ನೂ ನೀರೇ ನಿರ್ಧರಿಸುತ್ತದೆ. ಗುಡ್ಡದ ಇಳುಕಲಿನ ಅರ್ಧಕ್ಕಿಂತ ದಾರಿಯ ಏರು ಹೆಚ್ಚಿರಬಾರದು ಎಂಬ ನಿಯಮವೊಂದನ್ನು ಇಲ್ಲಿ ಎಲ್ಲರಿಗೂ ಕಲಿಸುತ್ತಾರೆ: ಗುಡ್ಡ ನೂರು ಅಡಿಗೆ ಇಪ್ಪತ್ತು ಅಡಿ ಇಳಿದರೆ ದಾರಿ ನೂರಕ್ಕೆ ಹತ್ತು ಅಡಿಗಿಂತ ಹೆಚ್ಚು ಏರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುವ ಬದಲು ದಾರಿಯ ಗುಂಟವೇ ಹರಿಯುತ್ತದೆ. ತಿರುವುಗಳನ್ನು ಹಾಕಿ ದಾರಿಯನ್ನು ಸುತ್ತಿಸಿರುವುದು ಇದಕ್ಕಾಗಿಯೇ. ಆ ತಿರುವುಗಳ ನಡುವೆ ಅಡ್ಡದಾರಿ ಹಿಡಿದು ನೇರ ಇಳಿಯುವವರು ಉಳಿಸಿಕೊಳ್ಳುವುದು ಒಂದೆರಡು ನಿಮಿಷ. ಅವರ ಹೆಜ್ಜೆಯ ಜಾಡಿನಲ್ಲಿ ಹರಿಯುವ ನೀರು ಕೆಳಗಿನ ದಾರಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಕೆಸರಿದ್ದಲ್ಲಿ ಪಕ್ಕಕ್ಕೆ ಸರಿಯದೆ ಕೆಸರಿನಲ್ಲೇ ನಡೆಯಿರಿ ಎಂದು ನಾನು ಚಾರಣಿಗರಲ್ಲಿ ಬೇಡಿಕೊಳ್ಳುವುದೂ ಇದೇ ಕಾರಣಕ್ಕೆ.

ಉಳಿದ ಕೆಲಸಗಳು ಋತುವಿನ ಜೊತೆ ಬರುತ್ತವೆ. ದಾರಿಯ ಸುತ್ತ ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಬಾಗಿಲೊಂದು ಹಾಯುವಷ್ಟು ತೆರಪು ಇರಬೇಕೆಂಬ ಅಳತೆಯಂತೆ ಬೇಸಿಗೆಯಲ್ಲಿ ತುರಿಕೆಗಿಡ, ಮುಳ್ಳುಪೊದೆಗಳನ್ನು ಸವರುತ್ತೇವೆ. ಮರಗಳ ಮೇಲಿನ ಗುರುತು ಮಾಸಿದ್ದರೆ ಹೊಸದಾಗಿ ಬಣ್ಣ ಬಳಿಯುತ್ತೇವೆ. ಈ ಉದ್ಯಾನದ ಮೂಲಕ ಹಾಯುವ, ಹಲವು ರಾಜ್ಯಗಳುದ್ದದ ಚಾರಣದ ಹಾದಿಯಾದ ಅಪಲೇಚಿಯನ್ ಹಾದಿಯ ಗುರುತು ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿ ಪಟ್ಟಿ. ಬಿದ್ದ ಮರಗಳದ್ದು ದೊಡ್ಡ ಕೆಲಸ. 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ ಮೊದಲು ಪತ್ತೆಯಾದ, ಏಷ್ಯಾ ಮೂಲದ ಹಸಿರು ದುಂಬಿಯೊಂದು ಈ ಭಾಗದ ಆ್ಯಶ್ ಮರಗಳನ್ನು ಸಾಲುಸಾಲಾಗಿ ಕೊಂದಿದೆ. ಒಣಗಿ ನಿಂತ ಆ ಮರಗಳು ಗಾಳಿಗೆ ದಾರಿಯ ಮೇಲೆ ಉರುಳುತ್ತವೆ. ಉದ್ಯಾನದ ಸುಮಾರು ಐದರಲ್ಲಿ ಎರಡು ಭಾಗ, 1964ರ ಕಾಯಿದೆಯಡಿ ವನ್ಯಪ್ರದೇಶವೆಂದು ಘೋಷಿತವಾದುದರಿಂದ ಅಲ್ಲಿ ಯಂತ್ರದ ಗರಗಸವನ್ನು ಸಾಮಾನ್ಯವಾಗಿ ಬಳಸುವಂತಿಲ್ಲ. ಇಬ್ಬರು ಎರಡು ತುದಿ ಹಿಡಿದು ಎಳೆಯುವ ಉದ್ದನೆಯ ಗರಗಸದಿಂದಲೇ ಕೊಯ್ಯಬೇಕು, ಅದಕ್ಕೂ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು. ನನಗೆ ಅತ್ಯಂತ ಪ್ರಿಯವಾದ ಹತ್ಯಾರ ಪುಲಾಸ್ಕಿ: ಒಂದೇ ಕಾವಿನ ತಲೆಯ ಒಂದು ಬದಿ ಕೊಡಲಿ, ಇನ್ನೊಂದು ಬದಿ ಕಿರಿದಾದ ಗುದ್ದಲಿ. 1910ರ ಐಡಹೊ ಕಾಳ್ಗಿಚ್ಚಿನಲ್ಲಿ ತನ್ನ ಆಳುಗಳನ್ನು ಗಣಿಯ ಸುರಂಗದೊಳಕ್ಕೆ ನಡೆಸಿ ಸುಮಾರು ನಲವತ್ತು ಜೀವಗಳನ್ನು ಉಳಿಸಿದ ಅರಣ್ಯಾಧಿಕಾರಿ ಎಡ್ ಪುಲಾಸ್ಕಿಯ ಹೆಸರನ್ನು ಅದು ಹೊತ್ತಿದೆ.

ಇನ್ನು ಸರ್ಕಾರದ ಪ್ರಶ್ನೆ. ಜಾರ್ಜಿಯಾದಿಂದ ಮೇನ್‌ವರೆಗೆ ಹದಿನಾಲ್ಕು ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಸಾಗುವ ಅಪಲೇಚಿಯನ್ ಹಾದಿ ಸರ್ಕಾರದ ಯೋಜನೆಯಾಗಿ ಹುಟ್ಟಿದ್ದಲ್ಲ. 1921ರಲ್ಲಿ ಅರಣ್ಯತಜ್ಞ ಬೆಂಟನ್ ಮೆಕೈ ಅದನ್ನು ಒಂದು ಲೇಖನದಲ್ಲಿ ಪ್ರಸ್ತಾಪಿಸಿದರು, 1925ರಲ್ಲಿ ಅದಕ್ಕೊಂದು ಒಕ್ಕೂಟ ಹುಟ್ಟಿತು, 1937ರ ಹೊತ್ತಿಗೆ ಬಹುಮಟ್ಟಿಗೆ ಸ್ವಯಂಸೇವಕರ ಕೈಯಿಂದಲೇ ಹಾದಿ ಪೂರ್ಣಗೊಂಡಿತು. ಶೆನಂಡೋವಾದಲ್ಲಿ ಮಾತ್ರ, ಬೆಟ್ಟದ ನೆತ್ತಿಯ ಗುಂಟ ವಾಹನದ ರಸ್ತೆ ಬಂದು ಹಳೆಯ ಹಾದಿಯನ್ನು ನುಂಗಿದ್ದರಿಂದ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ಕೆಲಸ ಕೊಟ್ಟ ನಿರುದ್ಯೋಗಿ ಯುವಕರು ಅದನ್ನು ಮತ್ತೆ ಕಟ್ಟಿಕೊಟ್ಟರು. ಅವರು ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು ಈಗಲೂ ದಾರಿಯನ್ನು ಹೊತ್ತು ನಿಂತಿವೆ. 1968ರ ಕಾಯಿದೆ ಈ ಹಾದಿಗೆ ರಾಷ್ಟ್ರೀಯ ಮಾನ್ಯತೆ ನೀಡಿತು, 1984ರಲ್ಲಿ ಕೇಂದ್ರದ ಉದ್ಯಾನ ಇಲಾಖೆ ಅದರ ದೈನಂದಿನ ಹೊಣೆಯನ್ನು ಆ ಒಕ್ಕೂಟಕ್ಕೇ ಒಪ್ಪಂದದ ಮೂಲಕ ವಹಿಸಿಕೊಟ್ಟಿತು. ನೆಲ ಕೊಳ್ಳುವುದು, ಕಾನೂನಿನ ರಕ್ಷಣೆ, ಪರಿಣತರ ಮಾರ್ಗದರ್ಶನ ಸರ್ಕಾರದ್ದು. ದಾರಿಯ ಒಂದೊಂದು ತುಂಡನ್ನು ನಡೆದು ನೋಡಿಕೊಳ್ಳುವುದು ಒಕ್ಕೂಟದಡಿಯ ಚಾರಣದ ಕ್ಲಬ್ಬುಗಳ ಸದಸ್ಯರದ್ದು. ಕೆಲವು ವರ್ಷ ಈ ದುಡಿಮೆ 2 ಲಕ್ಷ ಗಂಟೆಗಳನ್ನು ದಾಟಿದೆ. ಸರ್ಕಾರ ತನ್ನ ಪಾಲಿನ ಹಣ ಕಡಿಮೆ ಮಾಡಲು ಇದು ನೆಪವಾಗಬಾರದೆಂದು ನಾನು ಬಲವಾಗಿ ನಂಬುತ್ತೇನೆ. ಆದರೆ ಯಾವ ತಿರುವಿನಲ್ಲಿ ಯಾವ ಮಳೆಗೆ ನೀರು ಕಟ್ಟುತ್ತದೆ ಎಂಬ ತಿಳಿವಳಿಕೆ, ಹಾದಿಯ ಅದೇ ತುಂಡಿಗೆ ವರ್ಷವರ್ಷವೂ ಬರುವವರಲ್ಲಿ ಮಾತ್ರ ಬೆಳೆಯುತ್ತದೆ. ನಾನು ಈ ಕೆಲಸ ಬಿಡದಿರುವುದಕ್ಕೂ ಕಾರಣ ಅದೇ: ನನ್ನ ತುಂಡನ್ನು ಈಗ ನಾನು ಬಲ್ಲೆ, ಅದರ ಮಣ್ಣು ಉಳಿಯಬೇಕೆಂಬುದು ನನ್ನ ಸ್ವಂತದ ಆಸೆಯಾಗಿದೆ.

ಕರ್ನಾಟಕದಲ್ಲಿ ಇದು ಸಾಧ್ಯವೇ ಎಂದು ಚಾರಣದ ಗೆಳೆಯರು ಕೇಳುತ್ತಾರೆ. ಅಗತ್ಯವಂತೂ ಅಲ್ಲಿ ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಇಲ್ಲಿನ ಮಳೆ ಅದರ ಕಾಲುಭಾಗವೂ ಅಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ನೆರೆದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯನ್ನೂ ದಿನದ ಮಿತಿಯನ್ನೂ ತಂದದ್ದು ಒಳ್ಳೆಯ ಹೆಜ್ಜೆ. ಪ್ಲಾಸ್ಟಿಕ್ ಹೆಕ್ಕುವ ಉತ್ಸಾಹಿಗಳೂ ಅಲ್ಲಿದ್ದಾರೆ. ಆದರೆ ಸಂಖ್ಯೆ ಕಡಿಮೆಯಾದರೂ, ಕಸ ಹೋದರೂ, ಕೊರಕಲು ಬಿದ್ದ ದಾರಿಯಲ್ಲಿ ಪ್ರತಿ ಮುಂಗಾರಿಗೂ ಶೋಲಾ ಕಾಡಿನಂಚಿನ ಹುಲ್ಲುಗಾವಲಿನ ಮಣ್ಣು ಇಳಿದುಹೋಗುತ್ತಲೇ ಇರುತ್ತದೆ. ರಕ್ಷಿತಾರಣ್ಯದಲ್ಲಿ ಯಾರೂ ತಾವಾಗಿ ಗುದ್ದಲಿ ಹಿಡಿದು ಹೋಗುವಂತಿಲ್ಲ, ಹೋಗಲೂಬಾರದು. ಇಲಾಖೆಯೇ ಮುಂದಾಗಿ, ಆ ಗುಡ್ಡಗಳ ಕೆಳಗಿನ ಊರುಗಳ ಮಾರ್ಗದರ್ಶಿಗಳಿಗೆ ಚಾರಣದ ಶುಲ್ಕದಿಂದ ಕೂಲಿ ಕೊಟ್ಟು ಈ ಕೆಲಸ ವಹಿಸಿದರೆ, ನಗರದ ಸ್ವಯಂಸೇವಕರು ಅವರ ಕೈಕೆಳಗೆ ದುಡಿಯಬಹುದು.

ಅಮೆರಿಕದಲ್ಲಿರುವವರು ಆರಂಭಿಸಲು ಬಯಸಿದರೆ, ನೀವು ನಡೆಯುವ ಹಾದಿಯನ್ನು ಯಾವ ಕ್ಲಬ್ ನೋಡಿಕೊಳ್ಳುತ್ತದೆಂದು ತಿಳಿದುಕೊಂಡು ಅವರ ಸಾಮೂಹಿಕ ಕೆಲಸದ ದಿನವೊಂದಕ್ಕೆ ಹೆಸರು ಕೊಡಿ. ಹತ್ಯಾರಗಳನ್ನೂ ಹೆಲ್ಮೆಟ್ಟನ್ನೂ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಉದ್ದ ತೋಳಿನ ಅಂಗಿ, ಪೂರ್ಣ ಪ್ಯಾಂಟ್, ಗಟ್ಟಿ ಬೂಟು, ಕೈಗವಸು, ಬೇಕಾದಷ್ಟು ನೀರು ನಿಮ್ಮದು. ಮನೆಗೆ ಬಂದ ಕೂಡಲೇ ಮೈಮೇಲೆ ರಕ್ತ ಹೀರುವ ಉಣುಗುಗಳಿವೆಯೇ ಎಂದು ತಪ್ಪದೆ ನೋಡಿಕೊಳ್ಳಿ, ಅವು ಲೈಮ್ ಎಂಬ ಸೋಂಕುರೋಗ ತರುತ್ತವೆ. ಅನುಭವ ಬೇಕಿಲ್ಲ. ಮೊದಲ ದಿನ ನಿಮಗೆ ಸಿಗುವುದು ಬಹುಶಃ ನೀರಿನ ಬಾಯಿ ಬಿಡಿಸುವ ಕೆಲಸವೇ, ಮತ್ತು ಅದನ್ನು ಹೇಗೆ ಮಾಡಬೇಕೆಂದು ಪಕ್ಕದಲ್ಲಿ ನಿಂತವರು ಹೇಳಿಕೊಡುತ್ತಾರೆ.